ಗರ್ಭಕೋಶದ ಜೊತೆ ಟ್ಯೂಬೂ ಹೋಯ್ತು, ಓವರಿ ಉಳೀತು: ನನ್ನ ಒಂದು ವರ್ಷದ ಕಥೆ

ಮೊನ್ನೆ ನನ್ನ ಒಂದು ವರ್ಷದ ಚೆಕಪ್ ಮುಗೀತು. ಡಾಕ್ಟರ್ ಫೈಲ್ ಮುಚ್ಚಿ ಕೈಗೆ ಕೊಟ್ಟು "ಇನ್ಮೇಲೆ ತೊಂದ್ರೆ ಏನಾದ್ರೂ ಇದ್ರೆ ಮಾತ್ರ ಬನ್ನಿ" ಅಂದ್ರು. ಹೊರಗೆ ಬೆಂಚ್ ಮೇಲೆ ಕೂತು ಆ ಫೈಲ್ ತಿರುವಿ ಹಾಕ್ದೆ, ಅರ್ಧಕ್ಕಿಂತ ಜಾಸ್ತಿ ಕಾಗದ ಒಂದೇ ಪ್ರಶ್ನೆ ಸುತ್ತ ಇದೆ. ಗರ್ಭಕೋಶ ತೆಗೆಯೋವಾಗ ಅದರ ಎರಡೂ ಪಕ್ಕದ ಟ್ಯೂಬೂ ತೆಗೆದ್ಬಿಟ್ರೆ ಉಳಿದಿರೋ ಓವರಿ (ಅಂಡಾಶಯ) ಮೊದಲಿನ ಹಾಗೇ ಕೆಲಸ ಮಾಡತ್ತಾ, ಇಲ್ಲಾ ಅದೂ ಬೇಗ ಬಾಗಿಲು ಹಾಕ್ಕೊಳತ್ತಾ? ಈ ಪ್ರಶ್ನೆ ಹಿಡ್ಕೊಂಡು ಎರಡು ಆಸ್ಪತ್ರೆ, ಎರಡು ಲ್ಯಾಬ್ ಸುತ್ತಿದೀನಿ, ಮಧ್ಯೆ ಒಂದೆರಡು ಸಲ ಪೆದ್ದಿನೂ ಆಗಿದೀನಿ. ಇದೇ ದಾರೀಲಿ ಬರ್ತಿರೋರಿಗೆ ನನಗಾದಷ್ಟು ತಲೆಬಿಸಿ ಆಗೋದು ಬೇಡ ಅಂತ ಬರೀತಿದೀನಿ. ನಾನು ಡಾಕ್ಟರ್ ಅಲ್ಲ, ನಿಮ್ಮ ದೇಹ ನೋಡಿರೋರು ನಿಮ್ಮ ಡಾಕ್ಟರ್ರು, ಅದೊಂದು ನೆನಪಿಟ್ಕೊಂಡು ಓದಿ.

ನನಗೆ ಆಗ 43. ಎರಡು ವರ್ಷದಿಂದ ಮುಟ್ಟು ಅಂದ್ರೆ ಒಂದು ಯುದ್ಧ. ಹತ್ತು ಹನ್ನೆರಡು ದಿನ ರಕ್ತಸ್ರಾವ, ರಾತ್ರಿ ಅಲಾರಾಂ ಇಟ್ಕೊಂಡು ಎದ್ದು ಪ್ಯಾಡ್ ಬದಲಾಯಿಸೋದು, ಹಿಮೋಗ್ಲೋಬಿನ್ 7.8ಕ್ಕೆ ಇಳಿದು ನಾಲ್ಕು ಮೆಟ್ಟಿಲು ಹತ್ತಿದ್ರೆ ಎದೆ ಡವಡವ. ಸ್ಕ್ಯಾನಿಂಗಲ್ಲಿ ಫೈಬ್ರಾಯ್ಡ್ ಗಡ್ಡೆ ಮೂರು, ಜೊತೆಗೆ ಅಡಿನೋಮಯೋಸಿಸ್ ಅಂತ ಬಂತು, ಅಂದ್ರೆ ಗರ್ಭಕೋಶದ ಒಳಪದರ ಅದರ ಗೋಡೆ ಒಳಗೇ ನುಗ್ಗಿ ಬೆಳೆಯೋದು. ಮಾತ್ರೆ ಆಯ್ತು, ಗರ್ಭಕೋಶದೊಳಗೆ ಇಡೋ ಹಾರ್ಮೋನ್ ಕಾಯಿಲ್ ಹಾಕಿಸಿದ್ದೂ ಆಯ್ತು, ಅದು ನಾಲ್ಕನೇ ತಿಂಗಳಿಗೆ ತಾನೇ ಜಾರಿ ಹೊರಗೆ ಬಂತು. ಕೊನೆಗೆ ಆಪರೇಷನ್ ಅಂತ ನಾನೇ ತೀರ್ಮಾನ ಮಾಡ್ದೆ. ಆ ತೀರ್ಮಾನದ ಬಗ್ಗೆ ಇವತ್ತಿಗೂ ಬೇಜಾರಿಲ್ಲ, ಅದರ ಬಗ್ಗೆ ಜಾಸ್ತಿ ಬರೆಯೋದೂ ಇಲ್ಲ.

ಗೊಂದಲ ಶುರುವಾಗಿದ್ದು ಆಮೇಲೆ. ಡಾಕ್ಟರ್ "ಗರ್ಭಕೋಶ, ಅದರ ಬಾಯಿ, ಎರಡೂ ಟ್ಯೂಬ್ ತೆಗೀತೀವಿ, ಓವರಿ ಇಟ್ಕೊಳ್ಳೋಣ" ಅಂತ ಒಂದೇ ಉಸಿರಲ್ಲಿ ಹೇಳಿ ಮುಂದಿನ ಪೇಷಂಟ್ ಫೈಲ್ ಕಡೆ ಕೈ ಹಾಕಿದ್ರು. ನಾನು ತಲೆ ಆಡಿಸಿ ಹೊರಗೆ ಬಂದೆ. ಬಾಗಿಲು ದಾಟಿದ ಮೇಲೆ ತಲೆಯೊಳಗೆ ಹುಳ ಕೊರೆಯೋಕೆ ಶುರುವಾಯ್ತು. ಟ್ಯೂಬ್ ಯಾಕೆ? ಟ್ಯೂಬಲ್ಲಿ ನನಗೇನೂ ಕಾಯಿಲೆ ಇಲ್ವಲ್ಲ? ಅದು ಓವರಿಗೇ ಅಂಟ್ಕೊಂಡಿರತ್ತಲ್ಲ, ಅದನ್ನ ಕಿತ್ರೆ ಇದಕ್ಕೆ ಏನೂ ಆಗಲ್ವಾ? ನಮ್ಮಕ್ಕನಿಗೆ ವರ್ಷಗಳ ಹಿಂದೆ ಓವರಿ ಸಮೇತ ಎಲ್ಲಾ ತೆಗೆದಿದ್ರು, ಆಸ್ಪತ್ರೆಯಿಂದ ಮನೆಗೆ ಬಂದ ವಾರದಲ್ಲೇ ಅವಳಿಗೆ ಮೈಯೆಲ್ಲಾ ಬೆಂಕಿ ಬಿದ್ದ ಹಾಗೆ ಬಿಸಿಯಾಗೋದು, ಬೆವರು, ನಿದ್ದೆ ಇಲ್ಲ, ಸುಮ್ಮಸುಮ್ನೆ ಅಳು. ಅದನ್ನ ಕಣ್ಣಾರೆ ನೋಡಿದ್ದೆ. ಟ್ಯೂಬ್ ಅಂದ ತಕ್ಷಣ ನನಗೆ ಕಂಡಿದ್ದು ಅಕ್ಕನ ಮುಖ.

ಅಕ್ಕನಿಗೆ ಫೋನ್ ಮಾಡ್ದೆ. ಅವಳು ಹೇಳಿದ್ದು ಒಂದೇ ಮಾತು, "ನನಗೆ ಯಾರೂ ಕೇಳಿರ್ಲಿಲ್ಲ ಕಣೇ, ನೀನು ಕೇಳು." ಹಂಗಾಗಿ ಎರಡನೇ ಅಭಿಪ್ರಾಯಕ್ಕೆ ಬೇರೆ ಆಸ್ಪತ್ರೆಗೆ ಹೋದೆ, ಅಪಾಯಿಂಟ್ಮೆಂಟ್ ಸಿಗೋಕೇ ಮೂರು ವಾರ, ಆ ದಿನ ಎರಡೂವರೆ ಗಂಟೆ ಕಾದು ಒಳಗೆ ಹೋದ್ರೆ ಅಲ್ಲಿ ಇನ್ನೊಂದೇ ಕಥೆ. "ಮಕ್ಕಳಾಗಿದೆಯಲ್ಲ, ವಯಸ್ಸೂ ಆಯ್ತು, ಓವರಿನೂ ತೆಗೆಸ್ಬಿಡಿ, ಮುಂದೆ ಕ್ಯಾನ್ಸರ್ ಚಿಂತೆನೇ ಇರಲ್ಲ" ಅಂದ್ರು. ಒಬ್ಬರು ಉಳಿಸಿ ಅಂತಾರೆ, ಇನ್ನೊಬ್ಬರು ಬೇಡ ಅಂತಾರೆ. ವಾಪಸ್ ಬರೋವಾಗ ನನಗೂ ನನ್ನ ಗಂಡನಿಗೂ ಜಗಳ, ಯಾಕೆ ಜಗಳ ಅಂತ ಇಬ್ಬರಿಗೂ ಗೊತ್ತಿಲ್ಲ.

ಆಮೇಲೆ ಕೂತು ಓದಿದೆ, ಓದಿದ್ದನ್ನ ಚೀಟಿ ಮಾಡ್ಕೊಂಡು ಮೊದಲನೇ ಡಾಕ್ಟರ್ ಹತ್ರಾನೇ ಮತ್ತೆ ಹೋದೆ. ಈ ಸಲ ಮೊದಲೇ ಹೇಳ್ಬಿಟ್ಟೆ, "ಮೇಡಂ, ನನಗೆ ಹದಿನೈದು ನಿಮಿಷ ಬೇಕು, ಕನ್ಸಲ್ಟೇಶನ್ ಫೀಸ್ ಮತ್ತೆ ಕಟ್ಟಿದೀನಿ." ಅವರು ನಕ್ಕು ಪೆನ್ ತಗೊಂಡ್ರು. ನನ್ನ ಹಳೇ ಪ್ರಿಸ್ಕ್ರಿಪ್ಷನ್ ಹಿಂದುಗಡೆ ಅವರು ಬಿಡಿಸಿದ ಚಿತ್ರ ಇವತ್ತಿಗೂ ಫೈಲಲ್ಲಿದೆ. ಮಧ್ಯೆ ಪೇರಳೆ ಹಣ್ಣಿನ ಆಕಾರ, ಎರಡೂ ಕಡೆ ಕೊಂಬಿನ ಹಾಗೆ ಟ್ಯೂಬ್, ಟ್ಯೂಬಿನ ತುದೀಲಿ ಕುಚ್ಚು, ಕುಚ್ಚಿನ ಕೆಳಗೆ ಬಾದಾಮಿ ತರ ಓವರಿ. ಟ್ಯೂಬಿಗೂ ಓವರಿಗೂ ಮಧ್ಯೆ ಒಂದು ತೆಳು ಪರದೆ ಎಳೆದು ಅದರಲ್ಲಿ ಸಣ್ಣಸಣ್ಣ ಗೆರೆ ಹಾಕಿದ್ರು. "ನಿಮ್ಮ ಭಯ ಎಲ್ಲಾ ಈ ಗೆರೆಗಳ ಬಗ್ಗೆ" ಅಂದ್ರು.

ಅದೇನಪ್ಪಾ ಅಂದ್ರೆ, ಓವರಿಗೆ ರಕ್ತ ಎರಡು ಕಡೆಯಿಂದ ಬರತ್ತೆ. ಒಂದು ಮೇಲಿಂದ, ಹೊಟ್ಟೆಯ ಮುಖ್ಯ ರಕ್ತನಾಳದಿಂದ ನೇರವಾಗಿ ಇಳಿದು ಬರೋ ಓವರಿಯದ್ದೇ ಸ್ವಂತ ನಾಳ. ಇನ್ನೊಂದು ಗರ್ಭಕೋಶದ ನಾಳದ ಕವಲು. ಇವೆರಡೂ ಆ ಪರದೆಯ ಆಸುಪಾಸಲ್ಲಿ ಕೈಕೈ ಹಿಡ್ಕೊಳತ್ವೆ. ಗರ್ಭಕೋಶ ತೆಗೆದ್ರೆ ಎರಡನೇ ಕವಲು ಹೇಗಿದ್ರೂ ಹೋಗತ್ತೆ, ಟ್ಯೂಬ್ ಇದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ. ಟ್ಯೂಬ್ ತೆಗೆಯೋವಾಗ ಓವರಿ ಹತ್ರ ಆಳಕ್ಕೆ ಕತ್ತರಿಸಿದ್ರೆ ಪರದೆಯಲ್ಲಿರೋ ಸಣ್ಣ ನಾಳಗಳಿಗೂ ಪೆಟ್ಟಾಗಬಹುದು, ಅದಕ್ಕೇ ಟ್ಯೂಬಿಗೆ ಅಂಟಿಕೊಂಡ ಹಾಗೆ, ಓವರಿಯಿಂದ ದೂರ ಕತ್ತರಿಸ್ಕೊಂಡು ಹೋಗಬೇಕು. ಕತ್ತರಿಸೋ ಉಪಕರಣದ ಬಿಸಿನೂ ಓವರಿಗೆ ತಾಗಬಾರದು. ಇದು ಕೇಳಿದ ಮೇಲೆ ನನ್ನ ಪ್ರಶ್ನೆನೇ ಬದಲಾಯ್ತು. ಅಲ್ಲೀವರೆಗೆ ನಾನು ಟ್ಯೂಬಿಗೆ ಹೆದರ್ತಿದ್ದೆ, ನಿಜವಾಗಿ ಯೋಚನೆ ಮಾಡಬೇಕಿದ್ದಿದ್ದು ಗರ್ಭಕೋಶ ತೆಗೆಯೋದರ ಬಗ್ಗೆನೇ.

ಯಾಕೆ ಅಂದ್ರೆ ಟ್ಯೂಬ್ ಮಾತು ಬರೋದಕ್ಕೂ ಮುಂಚೆನೇ, ಗರ್ಭಕೋಶ ಮಾತ್ರ ತೆಗೆದು ಓವರಿ ಉಳಿಸಿದ್ರೂ ಓವರಿ ಸ್ವಲ್ಪ ಬೇಗ ಸುಸ್ತಾಗತ್ತೆ ಅಂತ ಗೊತ್ತಾಗಿತ್ತು. ಅಮೆರಿಕದ ಡ್ಯೂಕ್ ಯೂನಿವರ್ಸಿಟಿಯವರು 2011ರಲ್ಲಿ ಪ್ರಕಟ ಮಾಡಿದ ಅಧ್ಯಯನದಲ್ಲಿ 30ರಿಂದ 47 ವಯಸ್ಸಿನವರನ್ನ ವರ್ಷವರ್ಷ ರಕ್ತ ಪರೀಕ್ಷೆ ಮಾಡಿ ನೋಡಿದ್ರು. ನಾಲ್ಕು ವರ್ಷದಲ್ಲಿ, ಆಪರೇಷನ್ ಆಗಿ ಒಂದಾದ್ರೂ ಓವರಿ ಉಳಿದಿದ್ದವರಲ್ಲಿ 14.8 ಪರ್ಸೆಂಟ್ ಜನಕ್ಕೆ ಓವರಿ ನಿಂತಿತ್ತು, ಆಪರೇಷನ್ ಆಗದೇ ಇರೋರಲ್ಲಿ 8 ಪರ್ಸೆಂಟ್. ಹತ್ರಹತ್ರ ಎರಡು ಪಟ್ಟು. ಇದನ್ನ ನನಗೆ ಯಾರೂ ಮೊದಲು ಹೇಳಿರ್ಲಿಲ್ಲ. ಹಂಗಂತ ಅದನ್ನ ಇನ್ನೊಂದು ಕಡೆಯಿಂದಾನೂ ನೋಡಿ, 85 ಪರ್ಸೆಂಟ್ ಜನಕ್ಕೆ ನಾಲ್ಕು ವರ್ಷ ಆದ್ರೂ ಓವರಿ ಕೆಲಸ ಮಾಡ್ತಾನೇ ಇತ್ತು. ನಾನು ಆ 85ನ್ನ ಗಟ್ಟಿಯಾಗಿ ಹಿಡ್ಕೊಂಡೆ.

ಇನ್ನು ಟ್ಯೂಬೂ ಸೇರಿಸಿ ತೆಗೆದ್ರೆ ಅದರ ಮೇಲೆ ಎಷ್ಟು ಹೊರೆ ಬೀಳತ್ತೆ ಅನ್ನೋದು. ಒಂದು ಗುಂಪಿಗೆ ಟ್ಯೂಬ್ ತೆಗೆದು ಇನ್ನೊಂದು ಗುಂಪಿಗೆ ಬಿಟ್ಟು, ಮುಂಚೆ ಮತ್ತೆ ಆಮೇಲೆ ರಕ್ತದಲ್ಲಿ ಎಎಂಎಚ್ (ಓವರೀಲಿ ಮೊಟ್ಟೆ ಎಷ್ಟು ಉಳಿದಿದೆ ಅಂತ ಅಂದಾಜು ಕೊಡೋ ಹಾರ್ಮೋನ್) ಅಳೆದು ಹೋಲಿಸಿದ ಸಣ್ಣಸಣ್ಣ ಅಧ್ಯಯನಗಳಲ್ಲಿ ಕೆಲವು ತಿಂಗಳ ಮಟ್ಟಿಗೆ ಹೇಳ್ಕೊಳ್ಳೋ ಅಂಥ ವ್ಯತ್ಯಾಸ ಕಂಡಿಲ್ಲ. ಆದ್ರೆ ಕೆಲವು ತಿಂಗಳು ಅಂದ್ರೆ ಕೆಲವು ತಿಂಗಳೇ, ಹತ್ತು ವರ್ಷ ಅಲ್ಲ. ಸ್ವೀಡನ್ನಿನ ರಿಜಿಸ್ಟರ್ ದಾಖಲೆ ನೋಡಿದ 2019ರ ಒಂದು ವರದೀಲಿ, ಟ್ಯೂಬೂ ತೆಗೆಸಿದ್ದವರು ಒಂದು ವರ್ಷದ ಮೇಲೆ ಮೆನೋಪಾಸ್ (ಮುಟ್ಟು ಪೂರ್ತಿ ನಿಲ್ಲೋದು) ತರದ ತೊಂದ್ರೆ ಹೇಳ್ಕೊಂಡಿದ್ದು ತೆಗೆಸದೇ ಇರೋರಿಗಿಂತ ಸುಮಾರು ಮೂರನೇ ಒಂದರಷ್ಟು ಜಾಸ್ತಿ ಇತ್ತು. ಕೆನಡಾದವರು ನೋಡಿದಾಗ ಮೆನೋಪಾಸ್‌ಗೆ ಅಂತ ಡಾಕ್ಟರ್ ಹತ್ರ ಹೋಗೋದರಲ್ಲಾಗಲೀ ಹಾರ್ಮೋನ್ ಶುರು ಮಾಡೋದರಲ್ಲಾಗಲೀ ವ್ಯತ್ಯಾಸ ಸಿಗಲಿಲ್ಲ. ಇದನ್ನ ಇತ್ಯರ್ಥ ಮಾಡೋಕೆ ಅಂತಾನೇ ಸ್ವೀಡನ್‌ನಲ್ಲಿ ಹಾಪ್ಸಾ ಅಂತ, ಚೀಟಿ ಎತ್ತಿದ ಹಾಗೆ ಗುಂಪು ಮಾಡಿ ವರ್ಷಗಟ್ಟಲೆ ಹಿಂಬಾಲಿಸೋ ದೊಡ್ಡ ಅಧ್ಯಯನ ಶುರು ಮಾಡಿದ್ರು. ಯಾರಾದ್ರೂ ನಿಮಗೆ "ಏನೂ ಆಗಲ್ಲ, ಗ್ಯಾರಂಟಿ" ಅಂದ್ರೆ ಆ ಗ್ಯಾರಂಟಿ ಅವರ ಬಾಯಿಂದ ಬಂದಿದ್ದು ಅಷ್ಟೇ. "ಟ್ಯೂಬ್ ಮುಟ್ಟಿದ್ರೆ ಓವರಿ ಸತ್ತೋಗತ್ತೆ" ಅಂದ್ರೂ ಅದೇ ಕಥೆ.

ಹಾಗಾದ್ರೆ ತೆಗೆಸೋದಾದ್ರೂ ಯಾಕೆ? ಓವರಿ ಕ್ಯಾನ್ಸರ್ ಅಂತ ನಾವು ಕರೆಯೋದರಲ್ಲಿ ಅತಿ ಸಾಮಾನ್ಯವಾದ, ಅತಿ ಕೆಟ್ಟ ಜಾತಿ ಬಹಳಷ್ಟು ಸಲ ಹುಟ್ಟೋದು ಓವರೀಲಿ ಅಲ್ವಂತೆ, ಟ್ಯೂಬಿನ ತುದಿ ಕುಚ್ಚಲ್ಲಿ ಹುಟ್ಟಿ ಓವರಿ ಮೇಲೆ ಉದುರತ್ತಂತೆ. ಅದಕ್ಕೇ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ 2010ರಿಂದಾನೇ, ಬೇರೆ ಕಾರಣಕ್ಕೆ ಗರ್ಭಕೋಶ ತೆಗೆಯೋವಾಗ ಟ್ಯೂಬೂ ತೆಗೆಯೋದರ ಬಗ್ಗೆ ಯೋಚಿಸಿ ಅಂತ ಡಾಕ್ಟರ್ರಿಗೆ ಹೇಳ್ತಾ ಬಂದ್ರು. 2022ರಲ್ಲಿ ಅಲ್ಲಿನ ಲೆಕ್ಕ ಬಂತು, ಗರ್ಭಕೋಶದ ಜೊತೆಗೋ, ಮಕ್ಕಳಾಗದ ಹಾಗೆ ಅಂತಾನೋ ಟ್ಯೂಬ್ ತೆಗೆಸಿದ ಸುಮಾರು 25,900 ಜನರಲ್ಲಿ ಆ ಜಾತಿ ಕ್ಯಾನ್ಸರ್ ಐದು ಜನಕ್ಕಾದ್ರೂ ಬರಬಹುದಿತ್ತು ಅಂತ ಅಂದಾಜಿದ್ರೆ ಒಬ್ಬರಿಗೂ ಬಂದಿರ್ಲಿಲ್ಲ. ಇನ್ನೂ ಚಿಕ್ಕ ಸಂಖ್ಯೆ, ಒಪ್ಕೋತೀನಿ, ಅಪಾಯ ಪೂರ್ತಿ ಸೊನ್ನೆ ಆಗತ್ತೆ ಅಂತಲೂ ಅಲ್ಲ. ಆದ್ರೆ ಮಕ್ಕಳು ಬೇಡ ಅಂದ ಮೇಲೆ ಟ್ಯೂಬಿಗೆ ಬೇರೆ ಕೆಲಸ ಇಲ್ಲ, ಹಾರ್ಮೋನ್ ಮಾಡೋದು ಅದಲ್ಲ. ಓವರಿ ಹಂಗಲ್ಲ, ಮುಟ್ಟು ನಿಲ್ಲೋ ವಯಸ್ಸಿನವರೆಗೂ ಮೂಳೆಗೆ, ಹೃದಯಕ್ಕೆ, ನಿದ್ದೆಗೆ ಅದು ಬಿಡೋ ಈಸ್ಟ್ರೋಜನ್ ಹಾರ್ಮೋನ್ ಬೇಕು. ಎರಡನೇ ಡಾಕ್ಟರ್ ಹೇಳಿದ "ಎಲ್ಲಾ ತೆಗೆಸಿ" ನನಗೆ ಒಪ್ಪಿಗೆ ಆಗದೇ ಇದ್ದಿದ್ದು ಇದಕ್ಕೇ.

ಮನೇಲಿ ಅಮ್ಮ, ಅಜ್ಜಿ, ಚಿಕ್ಕಮ್ಮ ಯಾರಿಗಾದ್ರೂ ಓವರಿ ಅಥವಾ ಚಿಕ್ಕ ವಯಸ್ಸಲ್ಲಿ ಸ್ತನ ಕ್ಯಾನ್ಸರ್ ಆಗಿದ್ರೆ ನನ್ನ ಕಥೆ ನಿಮಗೆ ಅನ್ವಯಿಸಲ್ಲ. ಬಿಆರ್‌ಸಿಎ ಜೀನ್ ತೊಂದ್ರೆ (ವಂಶದಲ್ಲಿ ಬಂದು ಓವರಿ, ಸ್ತನ ಕ್ಯಾನ್ಸರ್ ಅಪಾಯ ಜಾಸ್ತಿ ಮಾಡೋದು) ಇರೋರಿಗೆ ಟ್ಯೂಬ್ ಮಾತ್ರ ತೆಗೆದು ಕೈತೊಳ್ಕೊಳೋ ಹಾಗಿಲ್ಲ, ಅವರಿಗೆ ಓವರಿ ತೆಗೆಸೋ ಸಲಹೆನೇ ಬೇರೆ ಇದೆ. ಜೆನೆಟಿಕ್ ಕೌನ್ಸೆಲಿಂಗ್ ಮುಗಿಸ್ಕೊಂಡೇ ಆಪರೇಷನ್ ದಿನ ಹಿಡೀರಿ. ಇನ್ನೊಂದು, "ನನಗೆ ಆಗಲೇ ಟ್ಯೂಬ್ ಕಟ್ಟಿ ಆಗಿದೆ, ಮತ್ಯಾಕೆ ತೆಗೀಬೇಕು" ಅಂತ ನಾನೂ ಕೇಳಿದ್ದೆ. ಕಟ್ಟೋವಾಗ ಸಾಮಾನ್ಯವಾಗಿ ಮಧ್ಯದಲ್ಲಿ ಕಟ್ಟೋದು ಅಥವಾ ಕತ್ತರಿಸೋದು, ಕುಚ್ಚು ಅಲ್ಲೇ ಉಳಿದಿರತ್ತೆ.

ಇನ್ನು ರಕ್ತ ಪರೀಕ್ಷೆ ವಿಷಯ. ಆಪರೇಷನ್‌ಗೆ ಮುಂಚೆ ನನ್ನ ಓವರಿ ಹೇಗಿತ್ತು ಅಂತ ಗೊತ್ತಿದ್ರೆ ತಾನೇ ಆಮೇಲೆ ಹೋಲಿಸೋಕೆ ಆಗೋದು? ಹಾಗಾಗಿ ಎಎಂಎಚ್ ಮಾಡಿಸ್ತೀನಿ ಅಂದೆ. ಓವರೀಲಿ ಉಳಿದಿರೋ ಚಿಕ್ಕ ಚಿಕ್ಕ ಮೊಟ್ಟೆ ಚೀಲಗಳು ಬಿಡೋ ಹಾರ್ಮೋನ್ ಅದು, ಮುಟ್ಟಿನ ಯಾವ ದಿನ ಆದ್ರೂ ಕೊಡಬಹುದು, ಅದೊಂದು ಅನುಕೂಲ. ಡಾಕ್ಟರ್ "ಇದು ಬೇಕೇ ಬೇಕು ಅಂತ ಏನಿಲ್ಲ, ಇದರ ಮೇಲೆ ಆಪರೇಷನ್ ನಿರ್ಧಾರ ಬದಲಾಗಲ್ಲ" ಅಂತ ಮೊದಲೇ ಹೇಳಿದ್ರು, ಇನ್ಶೂರೆನ್ಸ್‌ನವರೂ ಇದೇ ಕಾರಣ ಕೊಟ್ಟು ದುಡ್ಡು ಕೊಡಲ್ಲ ಅಂದ್ರು, ನಮ್ಮ ಕೈಯಿಂದಾನೇ ಹೋಯ್ತು. ಜೊತೆಗೆ ಗರ್ಭನಿರೋಧಕ ಮಾತ್ರೆ ತರದ ಹಾರ್ಮೋನ್ ನುಂಗ್ತಿದ್ರೆ ಎಎಂಎಚ್ ಸುಳ್ಳೇ ಕಮ್ಮಿ ತೋರಿಸಬಹುದು, ಅದನ್ನ ಮುಂಚೆನೇ ಹೇಳಿ. ನಂದು 1.2 ಬಂತು. ವಯಸ್ಸಿಗೆ ಸರಿಯಾಗೇ ಇದೆ ಅಂದ್ರು.

ಈಗ ಬರತ್ತೆ ಮುಖ್ಯ ವಿಷಯ, ಇದೊಂದನ್ನ ಮರೀಬೇಡಿ. ಆಪರೇಷನ್‌ಗೆ ನಾಲ್ಕು ದಿನ ಮುಂಚೆ ಪೇಪರ್ ಕೆಲಸಕ್ಕೆ ಕರೆದಿದ್ರು. ಕೌಂಟರಲ್ಲಿದ್ದ ಹುಡುಗಿ ಒಂಬತ್ತು ಹಾಳೆ ನನ್ನ ಮುಂದೆ ಹರಡಿ ಸಹಿ ಮಾಡಬೇಕಾದ ಜಾಗಕ್ಕೆಲ್ಲಾ ಪೆನ್ಸಿಲಲ್ಲಿ ಗುರುತು ಹಾಕಿ ಇಟ್ಟಿದ್ಲು, ನನ್ನ ಹಿಂದೆ ಲೈನ್ ಬೇರೆ. ನಾನು ಗೀಚ್ತಾ ಹೋದೆ. ಐದನೇ ಹಾಳೇಲಿ ಆಪರೇಷನ್ ಹೆಸರಿನ ಮುಂದೆ "ಟಿಎಲ್‌ಎಚ್ + ಬಿಎಸ್‌ಒ" ಅಂತ ಪ್ರಿಂಟ್ ಆಗಿತ್ತು. ಟಿಎಲ್‌ಎಚ್ ಅಂದ್ರೆ ಲ್ಯಾಪ್ರೋಸ್ಕೋಪಿಲಿ ಪೂರ್ತಿ ಗರ್ಭಕೋಶ ತೆಗೆಯೋದು, ಸರಿ. ಬಿಎಸ್ ಅಂದ್ರೆ ಎರಡೂ ಕಡೆ ಟ್ಯೂಬ್. ಬಿಎಸ್‌ಒ ಅಂದ್ರೆ ಎರಡೂ ಕಡೆ ಟ್ಯೂಬು ಮತ್ತೆ ಓವರಿ! ಒಂದೇ ಒಂದು ಅಕ್ಷರ. ಓದಿದ್ದು ಉಪಯೋಗಕ್ಕೆ ಬಂತು ನೋಡಿ, ಎರಡು ವಾರ ಮುಂಚೆ ಆಗಿದ್ರೆ ನನಗೆ ಅದು ಬರೀ ಇಂಗ್ಲಿಷ್ ಅಕ್ಷರ ಅಷ್ಟೇ. ಕೈ ತಣ್ಣಗಾಯ್ತು. "ಇದು ತಪ್ಪಿದೆ" ಅಂದೆ. "ಅದು ಟೆಂಪ್ಲೇಟ್ ಮೇಡಂ, ಎಲ್ಲರಿಗೂ ಹಂಗೇ ಬರತ್ತೆ, ಡಾಕ್ಟರ್‌ಗೆ ಗೊತ್ತಿರತ್ತೆ" ಅಂದ್ಲು. ಅವಳ ಮೇಲೆ ಸಿಟ್ಟಿಲ್ಲ, ಅವಳಿಗೆ ಹೇಳಿಕೊಟ್ಟಿದ್ದೇ ಅಷ್ಟು. ಆದ್ರೆ ಎಲ್ಲರಿಗೂ ಹಂಗೇ ಬರತ್ತೆ ಅನ್ನೋ ಮಾತು ಕೇಳಿ ನನಗೆ ಅಕ್ಕನ ನೆನಪಾಗಿ ಹೊಟ್ಟೆ ತೊಳಸಿದ ಹಾಗಾಯ್ತು.

ಸಹಿ ಮಾಡಲ್ಲ ಅಂತ ಕೂತೆ. ಮುಕ್ಕಾಲು ಗಂಟೆ ಆದ ಮೇಲೆ ಡಾಕ್ಟರ್ ಬಂದು "ಒ" ಹೊಡೆದು ಹಾಕಿ, ಪಕ್ಕದಲ್ಲಿ "ಓವರಿ ಎರಡೂ ಉಳಿಸುವುದು" ಅಂತ ಕೈಯಲ್ಲಿ ಬರೆದು ಸಹಿ ಹಾಕಿದ್ರು, ನಾನೂ ಹಾಕ್ದೆ. ಮುಗೀತಾ? ಇಲ್ಲ. ಇನ್ಶೂರೆನ್ಸ್ ಅಪ್ರೂವಲ್ ಹಳೇ ಹೆಸರಲ್ಲಿ ಬಂದಿತ್ತು, ಈಗ ಆಪರೇಷನ್ ಹೆಸರು ಬೇರೆ, ಹೊಂದಾಣಿಕೆ ಆಗಲ್ಲ ಅಂತ ಮತ್ತೆ ಕಳಿಸಬೇಕಾಯ್ತು. ಡೇಟ್ ಒಂಬತ್ತು ದಿನ ಮುಂದೆ ಹೋಯ್ತು. ಮಧ್ಯೆ ಮತ್ತೆ ಮುಟ್ಟು ಬಂತು, ಮತ್ತೆ ಐರನ್ ಡ್ರಿಪ್. ಆಫೀಸಿಗೆ ಹಾಕಿದ್ದ ರಜೆ ಬದಲಾಯಿಸೋಕೆ ಮೂರು ಮೇಲ್. ಮನೆಯವರಲ್ಲಿ ಒಬ್ಬಿಬ್ಬರು "ಸುಮ್ನೆ ಸಹಿ ಹಾಕಿದ್ರೆ ಆಗ್ತಿತ್ತಪ್ಪ" ಅಂದ್ರು. ನಾನು ಉತ್ತರ ಕೊಡಲಿಲ್ಲ. ನೀವು ಮಾಡಬೇಕಾಗಿದ್ದು ಏನಂದ್ರೆ, ಇನ್ಶೂರೆನ್ಸ್‌ಗೆ ಕಳಿಸೋ ಮುಂಚೆನೇ ಎಸ್ಟಿಮೇಟ್ ಚೀಟೀಲಿ ಆಪರೇಷನ್ ಹೆಸರು ಏನು ಬರೆದಿದಾರೆ ಅಂತ ಅಕ್ಷರ ಅಕ್ಷರ ನೋಡಿ. ಓವರಿ ನೋಡಿದಾಗ ಅದರಲ್ಲೇ ಏನಾದ್ರೂ ಕೆಟ್ಟದ್ದು ಕಂಡ್ರೆ ಏನು ಮಾಡಬೇಕು ಅಂತಲೂ ಮುಂಚೆನೇ ಮಾತಾಡಿ, ನಾನು "ಕ್ಯಾನ್ಸರ್ ಅನುಮಾನ ಇದ್ರೆ ಮಾತ್ರ ತೆಗೀರಿ" ಅಂತ ಬರೆಸಿದ್ದೆ.

ಆಪರೇಷನ್ ದಿನದ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ. ತಣ್ಣನೆ ಕೋಣೆ, ದೊಡ್ಡ ಲೈಟು, ಹತ್ತರಿಂದ ಎಣಿಸಿ ಅಂದ್ರು, ಏಳು ದಾಟಿದ್ದು ನೆನಪಿಲ್ಲ. ಎದ್ದಾಗ ಹೊಟ್ಟೆಗಿಂತ ಭುಜ ನೋಯ್ತಿತ್ತು, ಒಳಗೆ ತುಂಬಿಸಿದ ಗ್ಯಾಸ್‌ನಿಂದ ಅಂತೆ, ಎರಡು ದಿನಕ್ಕೆ ಹೋಯ್ತು. ನಾನು ಕೇಳಿದ ಮೊದಲ ಮಾತು "ಓವರಿ ಇದೆಯಾ?" ಅಂತ ನರ್ಸ್ ಆಮೇಲೆ ಹೇಳಿ ನಕ್ಕಳು, ನನಗೆ ನೆನಪೇ ಇಲ್ಲ. ಡಿಸ್ಚಾರ್ಜ್ ಸಮ್ಮರಿ ಜೊತೆ ಆಪರೇಷನ್ ನೋಟ್ಸ್ ಕಾಪಿನೂ ಕೇಳಿ ಇಸ್ಕೊಂಡೆ, ಸಮ್ಮರೀಲಿ ಎಲ್ಲಾ ಬರೆದಿರಲ್ಲ. ನೋಟ್ಸಲ್ಲಿ ಎರಡೂ ಓವರಿ ನೋಡೋಕೆ ನಾರ್ಮಲ್, ಉಳಿಸಿದೆ, ಟ್ಯೂಬ್ ಕುಚ್ಚಿನ ಸಮೇತ ಪೂರ್ತಿ ತೆಗೆದಿದೆ ಅಂತ ಇತ್ತು. ಆ ಕುಚ್ಚಿನ ಸಮೇತ ಅನ್ನೋದು ಮುಖ್ಯ, ಕಾರಣ ಮೇಲೆ ಹೇಳಿದೀನಿ.

ತೆಗೆದ ಭಾಗಗಳನ್ನ ಲ್ಯಾಬಲ್ಲಿ ಪರೀಕ್ಷೆ ಮಾಡಿ ಕೊಡೋ ಪೆಥಾಲಜಿ ರಿಪೋರ್ಟ್ ಹತ್ತು ದಿನ ಅಂದವರು ಹದಿನೇಳು ದಿನ ಮಾಡಿದ್ರು. ಬಿಲ್ಲಲ್ಲಿ ಗರ್ಭಕೋಶಕ್ಕೊಂದು ಚಾರ್ಜ್, ಎರಡು ಟ್ಯೂಬಿಗೆ ಬೇರೆ ಚಾರ್ಜ್ ಹಾಕಿದ್ರು, ಅದು ನಾನು ಲೆಕ್ಕ ಹಾಕಿರ್ಲಿಲ್ಲ. ಶುಕ್ರವಾರ ಸಂಜೆ ರಿಪೋರ್ಟ್ ಫೋನಿಗೆ ಬಂತು. ತೆಗೆದು ನೋಡಿದ್ರೆ ಬಲಗಡೆ ಟ್ಯೂಬ್ ಪಕ್ಕ "ಪ್ಯಾರಾಟ್ಯೂಬಲ್ ಸಿಸ್ಟ್". ಎದೆ ಧಸಕ್ ಅಂತು. ಸೋಮವಾರದವರೆಗೆ ಫೋನ್ ಎತ್ತೋರಿಲ್ಲ. ಎರಡು ರಾತ್ರಿ ಮಲಗಲಿಲ್ಲ. ಸೋಮವಾರ ಡಾಕ್ಟರ್ ಅರ್ಧ ನಿಮಿಷದಲ್ಲಿ "ಅದು ತುಂಬಾ ಜನರಿಗೆ ಇರತ್ತೆ, ನೀರು ಗುಳ್ಳೆ ತರ, ಏನೂ ಅಲ್ಲ" ಅಂತ ಮುಗಿಸಿದ್ರು. ವಾರದ ಕೊನೇಲಿ ರಿಪೋರ್ಟ್ ತೆಗೀಬೇಡಿ ಅಂತ ಹೇಳಬೇಕು ಅನ್ಸತ್ತೆ, ಆದ್ರೆ ಯಾರು ತೆಗೀದೇ ಇರ್ತಾರೆ ಹೇಳಿ.

ಮೂರನೇ ವಾರ. ರಾತ್ರಿ ಎರಡು ಗಂಟೆಗೆ ಎಚ್ಚರ ಆಯ್ತು, ನೈಟಿ ಬೆನ್ನಿಗೆ ಅಂಟ್ಕೊಂಡಿದೆ, ಕತ್ತಿನ ಸುತ್ತ ಬೆವರು ಹರೀತಿದೆ. ಮುಗೀತು ಕಥೆ ಅಂದ್ಕೊಂಡೆ. ಸದ್ದಿಲ್ಲದೆ ಬಚ್ಚಲಮನೆಗೆ ಹೋಗಿ ಕೂತು ಅತ್ತೆ. ಇಷ್ಟೆಲ್ಲಾ ಓದಿ, ಜಗಳ ಆಡಿ, ಒಂದು ಅಕ್ಷರಕ್ಕೋಸ್ಕರ ಒಂಬತ್ತು ದಿನ ಕಾದು ಕೊನೆಗೂ ಅಕ್ಕನ ಹಾಗೇ ಆಯ್ತಲ್ಲ ಅಂತ. ಹಂಗೆ ಒಂದು ಹನ್ನೆರಡು ದಿನ ಇತ್ತು, ಕೆಲವು ರಾತ್ರಿ ಎರಡೆರಡು ಸಲ. ಡಾಕ್ಟರ್‌ಗೆ ಹೇಳಿದ್ರೆ, ಆಪರೇಷನ್ ಆದ ಹೊಸದರಲ್ಲಿ ಓವರಿಗೂ ಸ್ವಲ್ಪ ಆಘಾತ ಆಗಿರತ್ತೆ, ರಕ್ತ ಓಡಾಟ ಸುಧಾರಿಸ್ಕೊಳ್ಳೋಕೆ ಟೈಮ್ ಕೊಡಿ, ಈಗಲೇ ರಕ್ತ ಪರೀಕ್ಷೆ ಮಾಡಿಸಿ ತಲೆ ಕೆಡಿಸ್ಕೋಬೇಡಿ ಅಂದ್ರು. ಜ್ವರ, ಸೋಂಕು ಇಲ್ಲ ಅಂತ ಮಾತ್ರ ಖಚಿತ ಮಾಡ್ಕೊಂಡ್ರು, ನಿಮಗೂ ಬೆವರು ಬಂದ್ರೆ ಮೊದಲು ಥರ್ಮಾಮೀಟರ್ ಇಡಿ, ಎಲ್ಲಾ ಬೆವರೂ ಹಾರ್ಮೋನ್ ಅಲ್ಲ.

ಐದನೇ ವಾರಕ್ಕೆ ಬೆವರು ತಾನೇ ನಿಂತೋಯ್ತು.

ಆದ್ರೆ ಅನುಮಾನ ನಿಲ್ಲಲಿಲ್ಲ. ಇಲ್ಲೇ ಇರೋದು ನೋಡಿ ಗರ್ಭಕೋಶ ಇಲ್ಲದವರ ಕಷ್ಟ. ಬೇರೆಯವರಿಗೆ ಮುಟ್ಟು ಏರುಪೇರಾದ್ರೆ ಓ ಮೆನೋಪಾಸ್ ಹತ್ರ ಬಂತು ಅಂತ ಗೊತ್ತಾಗತ್ತೆ. ನಮಗೆ ಮುಟ್ಟೇ ಇಲ್ಲ, ಓವರಿ ಒಳಗೆ ಕೆಲಸ ಮಾಡ್ತಿದೆಯೋ, ಮಲಗಿದೆಯೋ ಹೇಳೋರು ಯಾರು? ಎರಡು ತಿಂಗಳು ಆಗಿರಬೇಕು, ಒಂದು ದಿನ ಬ್ರಾ ಹಾಕ್ಕೊಳ್ಳೋವಾಗ ಎದೆ ನೋವು. ಆ ಹಳೇ ನೋವು, ಮುಟ್ಟಿಗೆ ವಾರ ಮುಂಚೆ ಬರ್ತಿತ್ತಲ್ಲ, ಅದೇ. ಜೊತೆಗೆ ಸಂಜೆ ಮಗನ ಮೇಲೆ ಕಾರಣ ಇಲ್ದೆ ರೇಗಿದೆ, ಅವನು "ಅಮ್ಮ ನಿಂಗೆ ಆಪರೇಷನ್ ಆದ್ರೂ ಇದು ಹೋಗ್ಲಿಲ್ವಾ" ಅಂದ. ನನಗೆ ನಗು ತಡೆಯೋಕೆ ಆಗಲಿಲ್ಲ. ಐದು ದಿನ ಇದ್ದು ಹೋಯ್ತು. ಡೈರೀಲಿ ಒಂದು ಚುಕ್ಕಿ ಇಟ್ಟೆ. ಇಪ್ಪತ್ತೊಂಬತ್ತು ದಿನಕ್ಕೆ ಮತ್ತೆ ಬಂತು, ಮತ್ತೊಂದು ಚುಕ್ಕಿ. ಜೀವಮಾನದಲ್ಲಿ ಮೊದಲ ಸಲ ಆ ನೋವಿಗೆ ಥ್ಯಾಂಕ್ಸ್ ಹೇಳ್ದೆ. ನೀವೂ ಹೀಗೆ ಬರೆದಿಡಿ. ಎದೆ ನೋವು, ಹೊಟ್ಟೆ ಉಬ್ಬರ, ತಲೆನೋವು, ಸಿಟ್ಟು, ಯಾವುದು ನಿಮಗೆ ತಿಂಗಳಿಗೊಮ್ಮೆ ಬರ್ತಿತ್ತೋ ಅದು. ಎಲ್ಲರಿಗೂ ಕಾಣತ್ತೆ ಅಂತಿಲ್ಲ, ಕಾಣಲಿಲ್ಲ ಅಂದ ಮಾತ್ರಕ್ಕೆ ಓವರಿ ಹೋಯ್ತು ಅಂತಲೂ ಅಲ್ಲ.

ಆರು ತಿಂಗಳಿಗೆ ಮತ್ತೆ ಎಎಂಎಚ್ ಕೊಟ್ಟೆ, ಈ ಸಲ ಆಫೀಸ್ ಹತ್ರದ ಬೇರೆ ಲ್ಯಾಬಲ್ಲಿ. ರಿಪೋರ್ಟಲ್ಲಿ 5.9! ನಾನು ಕುಣಿದೇಬಿಟ್ಟೆ. 1.2ರಿಂದ 5.9, ಐದು ಪಟ್ಟು, ಗಂಡನಿಗೆ ಕಳಿಸಿದೆ, ಅಕ್ಕನಿಗೆ ಕಳಿಸಿದೆ, ಗರ್ಭಕೋಶ ಹೋದ ಮೇಲೆ ಓವರಿಗೆ ಯೌವನ ಬಂದಿದೆ ಅಂತ ಜೋಕ್ ಬೇರೆ. ಡಾಕ್ಟರ್ ರಿಪೋರ್ಟ್ ನೋಡಿ ಸುಮ್ನೆ ಕ್ಯಾಲ್ಕುಲೇಟರ್ ತೆಗೆದ್ರು. ಮೊದಲನೇ ಲ್ಯಾಬ್ ಕೊಟ್ಟಿದ್ದು ನ್ಯಾನೋಗ್ರಾಂ ಲೆಕ್ಕ, ಇದು ಪಿಕೋಮೋಲ್ ಲೆಕ್ಕ, ಹೋಲಿಸೋಕೆ 7.14ರಿಂದ ಭಾಗಿಸಬೇಕು. ಭಾಗಿಸಿದ್ರೆ 0.83. ಏರಿದ್ದಲ್ಲ, ಮೂರನೇ ಒಂದು ಭಾಗ ಇಳಿದಿತ್ತು. ಕುಣಿದ ಕಾಲಿಗೆ ಕೊಡಲಿ ಬಿದ್ದ ಹಾಗಾಯ್ತು. ಆಮೇಲೆ ಅವರೇ ಸಮಾಧಾನ ಮಾಡಿದ್ರು, ಲ್ಯಾಬಿಂದ ಲ್ಯಾಬಿಗೆ ಮಾಡೋ ವಿಧಾನ ಬೇರೆ ಇದ್ರೆ ಅಂಕಿನೂ ಬೇರೆ ಬರತ್ತೆ, ವಯಸ್ಸಿಗೂ ವರ್ಷವರ್ಷ ಒಂದಿಷ್ಟು ಇಳಿಯತ್ತೆ, ಹಾಗಾಗಿ ಈ ಇಳಿತದಲ್ಲಿ ಎಷ್ಟು ಗರ್ಭಕೋಶದ್ದು, ಎಷ್ಟು ಟ್ಯೂಬಿದ್ದು, ಎಷ್ಟು ಲ್ಯಾಬಿದ್ದು ಅಂತ ನನ್ನ ಒಬ್ಬಳ ಎರಡು ಚೀಟಿ ನೋಡಿ ಯಾರೂ ಹೇಳೋಕಾಗಲ್ಲ ಅಂತ. ಎಎಂಎಚ್ ನೋಡಿ ಮೆನೋಪಾಸ್ ಯಾವತ್ತು ಅಂತ ದಿನ ಹೇಳೋಕೂ ಆಗಲ್ಲ. ಎಫ್‌ಎಸ್‌ಎಚ್ (ಕೆಲಸ ಮಾಡು ಅಂತ ಓವರಿಗೆ ಮಿದುಳಿನ ಕಡೆಯಿಂದ ಬರೋ ಹಾರ್ಮೋನ್) 11 ಇತ್ತು, ಮೆನೋಪಾಸ್‌ನಲ್ಲಿ ಅದು ತುಂಬಾ ಮೇಲೆ ಹೋಗತ್ತೆ, ಹಾಗಾಗಿ ಓವರಿ ಕೆಲಸ ಮಾಡ್ತಿದೆ ಅನ್ನೋದಕ್ಕೆ ಚುಕ್ಕಿ ಜೊತೆ ಅದೂ ಒಂದು ಸಾಕ್ಷಿ ಆಯ್ತು. ಮೊದಲು ಮಾಡಿಸಿದ ಲ್ಯಾಬಲ್ಲೇ ಮಾಡಿಸಿ, ಯೂನಿಟ್ ನೋಡಿ, ಆಮೇಲೆ ಕುಣೀರಿ.

ಒಂದು ವರ್ಷಕ್ಕೆ ಹಳೇ ಲ್ಯಾಬಲ್ಲೇ ಕೊಟ್ಟಿದ್ದು 0.9. ಡಾಕ್ಟರ್ "ಇನ್ನು ಇದನ್ನ ಮಾಡಿಸ್ಬೇಡಿ, ದುಡ್ಡು ದಂಡ" ಅಂದ್ರು, ಈ ಸಲ ನಾನೂ ಒಪ್ಕೊಂಡೆ. ಮುಂದೆ ನೋಡ್ಕೊಳ್ಳೋದು ಲಕ್ಷಣ. ಬಿಸಿಯಾಗೋದು, ಬೆವರು, ನಿದ್ದೆಗೇಡು, ಯೋನಿ ಒಣಗೋದು, ಕೀಲುನೋವು, ಇವು ವಾರಗಟ್ಟಲೆ ಮುಂದುವರೆದ್ರೆ, ಅದರಲ್ಲೂ 45ರ ಒಳಗಿದ್ರೆ, "ವಯಸ್ಸಾಯ್ತು ಬಿಡಿ" ಅಂತ ಯಾರಾದ್ರೂ ಅಂದ್ರೂ ಕೇಳದೆ ಹೋಗಿ ತೋರಿಸಿ, ಬೇಗ ನಿಂತ್ರೆ ಮೂಳೆಗೂ ಹೃದಯಕ್ಕೂ ಪೆಟ್ಟು. ಹಾರ್ಮೋನ್ ತಗೊಳ್ಳಬೇಕಾಗಿ ಬಂದ್ರೆ ನಮಗೊಂದು ಸಲೀಸು ಇದೆ, ಗರ್ಭಕೋಶ ಇಲ್ಲದವರಿಗೆ ಸಾಮಾನ್ಯವಾಗಿ ಈಸ್ಟ್ರೋಜನ್ ಒಂದೇ ಸಾಕು, ಗರ್ಭಕೋಶದ ಒಳಪದರ ಕಾಯೋಕೆ ಅಂತ ಕೊಡೋ ಪ್ರೊಜೆಸ್ಟರಾನ್ ಬೇಡ. ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಗರ್ಭಕೋಶದ ಹೊರಗೆ ಬೆಳೆಯೋದು) ಇದ್ದವರ ವಿಷಯ ಬೇರೆ, ಅವರು ಕೇಳ್ಕೊಳಿ.

ಅಕ್ಕನಿಗೆ ಮೊನ್ನೆ ಫೋನ್ ಮಾಡಿ ಚೆಕಪ್ ಮುಗೀತು ಅಂದೆ. ಅವಳು ತನ್ನ ಹಳೇ ಡಿಸ್ಚಾರ್ಜ್ ಪೇಪರ್ ಹುಡುಕಿ ತೆಗೆದಿದ್ಲಂತೆ, ಫೋಟೋ ಕಳಿಸಿದ್ಲು, ಮಸುಕಾದ ಅಕ್ಷರದಲ್ಲಿ ಬಿಎಸ್‌ಒ ಅಂತ ಇತ್ತು. "ಇದು ಏನು ಅಂತ ಇಷ್ಟು ವರ್ಷ ಗೊತ್ತೇ ಇರ್ಲಿಲ್ಲ ನೋಡು" ಅಂದ್ಲು. ಮೂಳೆ ಸ್ಕ್ಯಾನ್ ಮಾಡಿಸೇ ಅಂತ ಹೇಳಿದೀನಿ, ಬರೋ ವಾರ ನಾನೇ ಕರ್ಕೊಂಡು ಹೋಗ್ತಿದೀನಿ. ನನ್ನ ಡೈರೀಲಿ ಈ ತಿಂಗಳ ಚುಕ್ಕಿ 19ಕ್ಕೆ ಬಿತ್ತು.